ಹತ್ತಡಿ ಅಂಗಡಿಯ ಇಪ್ಪತ್ತಡಿ

ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನ ಇಂಡಿಕೇಟರಿನಲ್ಲಿದ್ದ 'ಎಫ್' ಅಂದು ನನಗೆ 'ಎಸ್' ಆಗಿ ಕಂಡಿತು. ಸ್ಲೋ ಗಾಡಿ ಅಂದುಕೊಂಡು ಫಾಸ್ಟ್ ಹತ್ತಿದೆ. ನಾನು ಇಳಿಯಬೇಕಾದ ಮಾಟುಂಗಾ ಬಂತು, ಗಾಡಿ ನಿಲ್ಲದೆ ಹೋಯಿತು. ಕುರ್ಲಾದಲ್ಲಿ ಇಳಿದು ವಾಪಸ್ ಬಂದೆ. ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು ನೋಡಿ, ಮರುದಿನ ಸಂಜೆಯೇ ಅಮ್ಮನನ್ನೂ ಜೊತೆಗೆ ಕಟ್ಟಿ ನನ್ನನ್ನು ಕನ್ನಡಕದ ಅಂಗಡಿಗೆ ಅಟ್ಟಿದರು.

ನಮ್ಮ ಮಾರ್ಕೆಟಿನ ಗಲ್ಲಿಯಲ್ಲಿ, ಹೂವಿನವರನ್ನು ದಾಟಿದರೆ ಆ ಅಂಗಡಿ. ಗಂಡ ಹೆಂಡತಿ ಇಬ್ಬರೂ ಆಪ್ಟೋಮೆಟ್ರಿಸ್ಟ್. ಆತ ಮರಾಠಿ, ಆಕೆ ಕುಂದಾಪುರದ ಕಡೆಯವರು. ನಾನು ಅಭ್ಯಾಸಬಲದಿಂದ "ಡಾಕ್ಟ್ರೇ" ಅಂದೆ. "ಡಾಕ್ಟರ್ ಅಲ್ಲ ಮಾರಾಯ್ರೆ. ನಾಲ್ಕು ವರ್ಷ ಓದಿದ್ದು ನಂಬರ್ ನೋಡ್ಲಿಕ್ಕೆ. ಒಳಗೆ ಏನಾದ್ರೂ ಡೌಟ್ ಬಂದ್ರೆ ಡಾಕ್ಟರ ಹತ್ರ ನಾವೇ ಕಳಿಸ್ತೇವೆ" ಅಂದರು.

ಒಳಗಿನ ಕೋಣೆ ಹತ್ತಡಿ ಉದ್ದ ಇದ್ದರೆ ಹೆಚ್ಚು. ಕುರ್ಚಿಯಲ್ಲಿ ಕೂತೆ. ಎದುರಿಗೆ ಅಕ್ಷರಗಳೇನೋ ಕಂಡವು, ಆದರೆ ಚಾರ್ಟ್ ಅಲ್ಲಿರಲಿಲ್ಲ. ಅಲ್ಲಿದ್ದದ್ದು ಒಂದು ಕನ್ನಡಿ. ತಿರುಗಿ ನೋಡಿದರೆ ಚಾರ್ಟ್ ನನ್ನ ತಲೆಯ ಮೇಲೇ ನೇತಾಡುತ್ತಿತ್ತು, ಅಕ್ಷರಗಳೆಲ್ಲ ಉಲ್ಟಾ! 'ಎಚ್', 'ಒ', 'ಟಿ' ಮಾತ್ರ ಯಾರಿಗೂ ಕ್ಯಾರೇ ಅನ್ನದೆ ಇದ್ದ ಹಾಗೇ ಇದ್ದವು.

"ಚಾರ್ಟಿಗೆ ಆರು ಮೀಟರ್ ದೂರ ಬೇಕು, ಅಂದ್ರೆ ಇಪ್ಪತ್ತಡಿ. ಮಾಟುಂಗಾದಲ್ಲಿ ಎಲ್ಲಿಂದ ತರೋದು? ಕನ್ನಡಿಗೆ ಹೋಗಿ ಬರೋದು ಸೇರಿಸಿದ್ರೆ ಲೆಕ್ಕ ಸರಿಯಾಗ್ತದೆ" ಅಂದರು ಆಕೆ.

1862ರಲ್ಲಿ ಹಾಲೆಂಡಿನ ಸ್ನೆಲನ್ ಅನ್ನುವ ಕಣ್ಣಿನ ಡಾಕ್ಟರು ಈ ಅಕ್ಷರದ ಚಾರ್ಟ್ ಮಾಡಿದ. ಅವನಿಗೆ ಮುಂಬಯಿಯ ಬಾಡಿಗೆ ಗೊತ್ತಿರಲಿಲ್ಲ ಪಾಪ. ನನಗೆ ಜಾಸ್ತಿ ಮಜಾ ಅನ್ನಿಸಿದ್ದು ಇನ್ನೊಂದು. ಆರು ಮೀಟರ್ ಆಚೆಗಿನದು ಕಣ್ಣಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಅನಂತವಂತೆ. ಅಷ್ಟು ದೂರ ನೋಡಲು ಸರಿಯಾದ ಕಣ್ಣು ಹೆಣಗಬೇಕಾಗಿಲ್ಲ, ಲೆನ್ಸನ್ನು ಹೊಂದಿಸುವ ಒಳಗಿನ ಸ್ನಾಯು ಸಡಿಲವಾಗಿ ಆರಾಮಾಗಿರುತ್ತದೆ. ಅನಂತ ಇಪ್ಪತ್ತೇ ಅಡಿಗೆ ಶುರುವಾಗುತ್ತದೆ, ಅದೂ ನಮ್ಮ ಮನೆಯ ಹಾಲ್‌ನಲ್ಲಿ ಹಿಡಿಸುವುದಿಲ್ಲ!

ಆಮೇಲೆ ಮೂಗಿನ ಮೇಲೆ ಭಾರದ ದುಂಡು ಫ್ರೇಮ್. ಪೆಟ್ಟಿಗೆಯಿಂದ ಗಾಜು ತೆಗೆಯೋದು, ಟಕ್ಕಂತ ಸಿಕ್ಕಿಸೋದು. "ಇದು ಚೆನ್ನಾಗುಂಟಾ? ಅದಾ?" ಎರಡೂ ಒಂದೇ ಥರ ಕಾಣುತ್ತಿದ್ದವು. ಆದರೂ ಹೇಳಲು ಹೆದರಿಕೆ. ಎಲ್ಲಿ ಫೇಲ್ ಮಾಡಿಬಿಡುತ್ತಾರೋ ಅಂತ ಸುಮ್ನೆ "ಮೊದಲಿಂದು" ಅಂದೆ. ಅವರು ಅದೇ ಗಾಜನ್ನು ಮತ್ತೆ ಹಾಕಿ ನನ್ನ ಸುಳ್ಳು ಹಿಡಿದರು.

ಅಮ್ಮನಿಗೆ ಆ ಹೆದರಿಕೆ ಇಲ್ಲ. "ಎರಡೂ ಒಂದೇ ಮಗಾ" ಅಂತ ನೇರ ಹೇಳಿದಳು. "ಹಾಂ, ಹಾಗೆ ಹೇಳ್ಬೇಕು ಅಮ್ಮ. ನಮಗೆ ಬೇಕಾದ್ದೂ ಅದೇ" ಅಂತ ಶಭಾಸ್‌ಗಿರಿ ಬೇರೆ. ಹತ್ತಿರದ್ದು ಓದಿಸಲು ಇಂಗ್ಲಿಷ್, ಮರಾಠಿ ಕಾರ್ಡ್ ಇದ್ದವು, ಕನ್ನಡದ್ದು ಇರಲಿಲ್ಲ. ಆಕೆ ಗಲ್ಲಾದ ಕೆಳಗಿಂದ 'ಕರ್ನಾಟಕ ಮಲ್ಲ' ಪೇಪರ್ ತೆಗೆದುಕೊಟ್ಟರು. ಅಮ್ಮ ಓದತೊಡಗಿದಳು. ಸಾಕು ಅಂದರೂ ನಿಲ್ಲಿಸಲಿಲ್ಲ. ಶ್ರದ್ಧಾಂಜಲಿಯಲ್ಲಿ ಯಾರೋ ಪರಿಚಯದವರು ಸಿಕ್ಕಿದ್ದರು.

ನನ್ನ ಚೀಟಿಯಲ್ಲಿ ದೂರದ ನಂಬರ್ ಜೊತೆ ಹತ್ತಿರದ್ದೂ ಸೇರಿತ್ತು. ಆತ ನಗುತ್ತಾ "ಚಾಳಿಶಿ ಆಲೀ" ಅಂದರು. ಮರಾಠಿಯಲ್ಲಿ ನಲವತ್ತರ ವಯಸ್ಸಿಗೂ ಓದುವ ಕನ್ನಡಕಕ್ಕೂ ಚಾಳಿಶಿ ಅನ್ನೋದೊಂದೇ ಮಾತು, ಆಲೀ ಅಂದರೆ ಬಂತು. ನಮ್ಮ ಅಜ್ಜ ಹೇಳುತ್ತಿದ್ದ ಚಾಳೀಸೂ ಇದೇ ಅಲ್ವಾ? ನನಗೆ ನಲವತ್ತಾರು. ಆರು ವರ್ಷ ಲೇಟ್, ಅಷ್ಟೇ.

ಕನ್ನಡಕ ಬಂದ ದಿನ ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಎದುರು ಬಿಲ್ಡಿಂಗ್ ಇಪ್ಪತ್ತಡಿ ದೂರ ಇರಬಹುದು. ಅವರ ಗೋಡೆಯ ಕ್ಯಾಲೆಂಡರ್ ಸ್ಪಷ್ಟವಾಗಿ ಕಂಡಿತು. ಹತ್ತನೇ ತಾರೀಖು ಕಳೆದರೂ ಹಾಳೆ ಹೋದ ತಿಂಗಳದ್ದೇ. ಕೂಗಿ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆ ಮನೆಯವರು ನನ್ನತ್ತ ತಿರುಗಿ ಸರಕ್ಕನೆ ಪರದೆ ಎಳೆದರು.