ಬೂಷ್ಟಿನ ಮೇಲೆ ಬಣ್ಣ ಬಳಿಯಬೇಡಿ

ಈಗಷ್ಟೇ ಅಕ್ಕನ ಮನೆಯಿಂದ ಬಂದೆ. ಇದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ತೀರ್ಥಹಳ್ಳಿ ಹತ್ತಿರದ ನಮ್ಮ ಹಂಚಿನ ಮನೆ ತೆಗೆದು ಆರು ವರ್ಷದ ಹಿಂದೆ ಅಕ್ಕ, ಭಾವ ತಾರಸಿ ಮನೆ ಕಟ್ಟಿಸಿದರು. ವರಮಹಾಲಕ್ಷ್ಮಿ ಪೂಜೆಗೆ ಮೊದಲು ಮಲಗುವ ಕೋಣೆಗೆ ಬಣ್ಣ ಹೊಡೆಸಬೇಕು ಅಂತ ಅಕ್ಕ ಪೇಂಟರನ್ನು ಕರೆಸಿದ್ದಳು. ಮರದ ಕಪಾಟನ್ನು ಎಳೆದು ನೋಡಿದರೆ ಹಿಂದಿನ ಗೋಡೆ ತುಂಬ ಕಪ್ಪು, ಹಸಿರು ಚುಕ್ಕೆ. ಮೂಲೆಯಲ್ಲಿ ಚುಕ್ಕೆಗಳೆಲ್ಲ ಸೇರಿ ಮಸಿ ಬಳಿದ ಹಾಗಿತ್ತು. ಕಪಾಟಿನ ಬಾಗಿಲು ತೆಗೆದರೆ ಮುಗ್ಗು ವಾಸನೆ. ಅಕ್ಕನ ಧಾರೆ ಸೀರೆಯ ಮಡಿಕೆಯಲ್ಲಿ ಅಕ್ಕಿಹಿಟ್ಟು ಚೆಲ್ಲಿದಂತೆ ಬಿಳಿ ಬೂಷ್ಟು. ಅವಳು ಸೆರಗನ್ನು ಬೆಳಕಿಗೆ ಹಿಡಿದು ಸುಮ್ಮನೆ ನಿಂತುಬಿಟ್ಟಳು.

"ಏನಿಲ್ಲ ಅಕ್ಕಾ, ಉಜ್ಜಿ ಪುಟ್ಟಿ ಹಾಕಿ ಎರಡು ಕೋಟ್ ಡ್ಯಾಂಪ್‌ಪ್ರೂಫ್ ಹೊಡೆದರೆ ಮುಗೀತು" ಅಂದ ಪೇಂಟರ್. ಅಂದವನೇ ಒಣ ಬ್ರಶ್ಶಿನಿಂದ ಉಜ್ಜತೊಡಗಿದ. ಪುಡಿ ಎದ್ದು ಕೋಣೆಯೆಲ್ಲ ಹರಡಿತು. ಪಕ್ಕದ ಮಂಚದಲ್ಲಿ ಎಂಟು ತಿಂಗಳ ಮೊಮ್ಮಗು ಮಲಗಿತ್ತು. ನಾನು ಕಿರುಚಿಕೊಂಡೆ. ಹೌದು, ಕಿರುಚಿಕೊಂಡೆ. ಆ ಪುಡಿಯಲ್ಲಿ ಇರುವುದೇ ಬೂಷ್ಟಿನ ಬೀಜ. ಅದು ಮಗುವಿನ ಎದೆಗೂ ಹೋಗುತ್ತದೆ, ಮುಂದಿನ ಗೋಡೆಗೂ ಹೋಗುತ್ತದೆ.

ಬೂಷ್ಟು ಗೋಡೆಯ ಕಾಯಿಲೆ ಅಲ್ಲ, ನೀರಿನ ಕಾಯಿಲೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಬಣ್ಣ ಬಳಿದರೆ ಅದು ಮತ್ತೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಬೇಕು ಇದನ್ನು?

ತಾರಸಿ ಬಿರುಕಿಂದ, ಬಚ್ಚಲ ಪೈಪಿಂದ ನೀರು ಇಳಿಯಬಹುದು. ಅದು ಎಲ್ಲರಿಗೂ ಗೊತ್ತು. ಆದರೆ ಸೋರಿಕೆಯೇ ಇಲ್ಲದ ಮನೆಯಲ್ಲೂ ಗೋಡೆ ಬೆವರುತ್ತದೆ. ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುತ್ತದಲ್ಲ, ಅದೇ ಲೆಕ್ಕ. ಒಳಗಿನ ಬಿಸಿ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಹಬೆ ಎಲ್ಲಿಂದ ಅಂತೀರಾ? ಸ್ನಾನ, ಅಡುಗೆ, ನಮ್ಮ ಉಸಿರು, ಮಳೆಗಾಲದಲ್ಲಿ ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಿಸುವ ಬಟ್ಟೆ. ಗ್ಯಾಸ್ ಉರಿದರೂ ನೀರು ಹುಟ್ಟುತ್ತದೆ. 14.2 ಕೆಜಿ ಸಿಲಿಂಡರ್ ಒಂದು ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಮನೆಯೊಳಗೆ ಸೇರಿರುತ್ತದೆ. ಹನಿ ಕಾಣಬೇಕು ಅಂತಲೂ ಇಲ್ಲ. ಗೋಡೆಗೆ ತಾಗಿದ ಗಾಳಿಯ ತೇವ ಶೇ. 80 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಗೋಡೆಗೆ ಒತ್ತಿ ನಿಲ್ಲಿಸಿದ ಕಪಾಟಿನ ಹಿಂದೆ ಗಾಳಿ ಆಡುವುದಿಲ್ಲ. ಅದಕ್ಕೇ ಅಲ್ಲೇ ಮೊದಲು ಬರುವುದು.

"ಮಲೆನಾಡು ಅಂದಮೇಲೆ ಬೂಷ್ಟು ಇದ್ದದ್ದೇ, ಅಜ್ಜಿ ಕಾಲದಲ್ಲಿ ಇರಲಿಲ್ವಾ" ಅಂದರು ಭಾವ. ಇತ್ತು. ಚಪ್ಪಲಿಗೆ, ಬೆಲ್ಟಿಗೆ ಬರುತ್ತಿತ್ತು. ಗೋಡೆಗೆ ಹೀಗೆ ಬಂದದ್ದು ನಾನಂತೂ ನೋಡಿಲ್ಲ. ಹಂಚಿನ ಸಂದಿಯಲ್ಲಿ ಹಬೆ ಹೊರಗೆ ಹೋಗುತ್ತಿತ್ತು. ಬಚ್ಚಲ ಒಲೆ ದಿನವಿಡೀ ಉರಿದು ಮನೆ ಬೆಚ್ಚಗಿರುತ್ತಿತ್ತು. ಗೋಡೆಗೆ ಸುಣ್ಣ. ಸುಣ್ಣದ ಖಾರಕ್ಕೆ ಬೂಷ್ಟು ಹಿಡಿಯುವುದಿಲ್ಲ, ಗೋಡೆಯ ತೇವವೂ ಅದರ ಮೂಲಕ ಆರಿ ಹೋಗುತ್ತದೆ. ಖಾರ ವರ್ಷದಲ್ಲಿ ಇಳಿಯುತ್ತದೆ, ಅದಕ್ಕೇ ಪ್ರತಿ ದೀಪಾವಳಿಗೆ ಮತ್ತೆ ಸಾರಣೆ. ಹೊಗೆ ಮನೆ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಆ ಹೊಗೆಯಲ್ಲಿ ಕೆಮ್ಮಿದ ಅಜ್ಜಿಯನ್ನೂ ನೋಡಿದ್ದೇನೆ. ಆದರೆ ಹಬೆ ಹೋಗುವ ದಾರಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣ ಬಳಿದು, ಮಳೆಯನ್ನು ಬೈದರೆ ಹೇಗೆ?

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಬೆಂಗಳೂರಿನ ನಮ್ಮ ಮನೆಯಲ್ಲಿ ಮಗಳ ಕೋಣೆಗೆ ಎರಡು ಸಲ ಹೀಗೇ ಬಣ್ಣ ಬಳಿಸಿದವಳು ನಾನೇ. ಅವಳಿಗೆ ಉಬ್ಬಸ. "ಮನೆಯಲ್ಲಿ ಬೂಷ್ಟು ಇದೆಯಾ?" ಅಂತ ಡಾಕ್ಟರ್ ಕೇಳಿದಾಗ "ಇಲ್ಲ, ಈಗಷ್ಟೇ ಪೇಂಟ್ ಮಾಡಿಸಿದ್ದೇವೆ" ಅಂದಿದ್ದೆ. ಬಣ್ಣದ ಹಿಂದೆ ಬಚ್ಚಲ ಪೈಪಿನ ಜಾಯಿಂಟ್ ಜಿನುಗುತ್ತಿತ್ತು. ತೇವದ ಮನೆಯಲ್ಲಿ ಉಬ್ಬಸ ಜೋರಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಬರೆದಿದೆ. ನಾನು ಅದನ್ನು ಓದಿದ್ದು ಮಗಳು ಎರಡು ರಾತ್ರಿ ನೆಬ್ಯುಲೈಸರ್ ಹಿಡಿದು ಕೂತ ಮೇಲೆ. ಆ "ಇಲ್ಲ" ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಅಕ್ಕನ ಮನೆಯಲ್ಲಿ ಇವತ್ತು ಹೀಗೆ ಮಾಡಿದೆವು. ಮಗುವನ್ನು ಬೇರೆ ಕೋಣೆಗೆ ಕಳಿಸಿದೆವು. ಮಾಸ್ಕ್, ಗ್ಲೌಸ್ ಹಾಕಿ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿಗೆ ಕಟ್ಟಿ ಬಿಸಾಕಿದೆವು. ಭಾವ ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಬೆರೆಸಲು ಹೊರಟಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಅದರಿಂದ ಕ್ಲೋರಿನ್ ವಿಷಗಾಳಿ ಏಳುತ್ತದೆ. ಕಪಾಟು ಈಗ ಗೋಡೆಯಿಂದ ಒಂದು ಗೇಣು ದೂರ, ಹಿಂದೆ ಫ್ಯಾನ್ ಓಡುತ್ತಿದೆ. ಆಶ್ಲೇಷ ಮಳೆ ಸುರಿಯುವಾಗ ಕಿಟಕಿ ತೆಗೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ, ಹೊಳವಾದಾಗ ತೆಗೆ ಅಂದೆ. ಅಡುಗೆಮನೆಗೂ ಬಚ್ಚಲಿಗೂ ಎಕ್ಸಾಸ್ಟ್ ಫ್ಯಾನ್ ಹಾಕಿಸಲೇಬೇಕು.

ಗೋಡೆ ಒಣಗಿದ ಮೇಲೆ ಒಂದು ಅಂಗೈ ಅಗಲದ ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಬಂದಿದ್ದೇನೆ. ಎರಡು ದಿನ ಬಿಟ್ಟು ಬಿಚ್ಚಬೇಕು. ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಹಬೆ. ಗೋಡೆ ಕಡೆಯ ಮೈ ಒದ್ದೆಯಾಗಿದ್ದರೆ ಗೋಡೆಯೊಳಗಿಂದ ಬರುವ ನೀರು. ಪೇಂಟರ್ ಸೋಮವಾರ ಬರುತ್ತೇನೆ ಅಂದಿದ್ದ. ಫಾಯಿಲ್ ಬಿಚ್ಚಿ ನೋಡಿ ನಾನು ಹೇಳುವವರೆಗೆ ಡಬ್ಬ ತೆಗೆಯಬೇಡ ಅಂತ ದಾರಿಯಲ್ಲೇ ಅವನಿಗೆ ಫೋನ್ ಮಾಡಿದೆ.