ಹನ್ನೊಂದು ಪುಟ ನುಂಗಿದ ಟ್ಯಾಬು

ಬೆಳಿಗ್ಗೆಯಿಂದ ತಲೆ ಕೆಟ್ಟು ಕೂತಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು, ಸಿಕ್ಕಿದ್ದು ನೀವು.

ಪ್ರೂಫ್ (ಅಚ್ಚಿಗೆ ಹೋಗುವ ಮುಂಚಿನ ಪ್ರತಿ) ನೋಡಿ ತಪ್ಪು ತಿದ್ದುವುದು ನನ್ನ ಹೊಟ್ಟೆಪಾಡು ಅಂತ ಗೊತ್ತಲ್ಲ. ಮೊದಲ ಪ್ರೂಫ್ ಎಡಕ್ಕೆ, ಎರಡನೆಯದು ಬಲಕ್ಕೆ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡಬೇಕು. ಪಿಡಿಎಫ್ ಓದುವ ಸಾಫ್ಟ್‌ವೇರು (ಹೆಸರು ಬೇಡ ಬಿಡಿ) ರಾತ್ರಿ ತಾನಾಗೇ ಅಪ್‌ಡೇಟ್ ಆಗಿ, ಎರಡನ್ನೂ ಒಂದೇ ವಿಂಡೋದೊಳಗೆ ಟ್ಯಾಬ್ ಮಾಡಿ ಕೂರಿಸಿದೆ. ಎರಡರ ಮೇಲೂ 'ಅಧ್ಯಾಯ_4_ಪ್ರೂ...' ಅಂತಷ್ಟೇ ಕಾಣುತ್ತದೆ. ಒಂದಾ ಎರಡಾ ಅನ್ನುವ ಅಂಕಿ ಇರುವುದು ಫೈಲ್ ಹೆಸರಿನ ಬಾಲದಲ್ಲಿ, ಟ್ಯಾಬು ಕತ್ತರಿಸುವುದೂ ಬಾಲವನ್ನೇ! ಹನ್ನೊಂದು ಪುಟ ತಿದ್ದಿದ ಮೇಲೆ ಗೊತ್ತಾಯಿತು, ತಿದ್ದಿದ್ದೆಲ್ಲ ಹಳೇ ಪ್ರೂಫಿನಲ್ಲಿ.

ಟ್ಯಾಬ್ ಕಂಡರೆ ಆಗುವುದಿಲ್ಲ ಅಂತಲ್ಲ. 2006ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 7ಕ್ಕೆ ಟ್ಯಾಬ್ ಬಂದಾಗ ಕುಣಿದವನು ನಾನು. ಟ್ಯಾಬ್ ಆಗಲೇ ಇದ್ದ ಒಪೆರಾ, ಫೈರ್‌ಫಾಕ್ಸ್ ಬ್ರೌಸರ್ ಬಳಸುತ್ತಿದ್ದವರು "ಈಗ ಎದ್ರಾ?" ಅಂತ ನಕ್ಕಿದ್ದರು. ಒಂದಾದ ಮೇಲೊಂದು ಓದುವುದಕ್ಕೆ ಟ್ಯಾಬ್ ಸರಿ. ಆದರೆ ಎರಡನ್ನೂ ಒಟ್ಟಿಗೆ ನೋಡಬೇಕಾದವನಿಗೆ ಅದು ಸುಮ್ನೆ ಪೇರಿಸಿಟ್ಟ ಹಾಳೆ ಅಷ್ಟೇ, ಅಡಿಯಲ್ಲಿರುವುದು ಕಾಣುವುದಿಲ್ಲ.

ಎಕ್ಸೆಲ್‌ನವರಿಗೆ ಇದು 2013ರಲ್ಲೇ ಅರ್ಥವಾಯಿತು, ಪ್ರತಿ ಫೈಲಿಗೂ ಅದರದೇ ವಿಂಡೋ ಕೊಟ್ಟರು. ಅದಕ್ಕೂ ಒಂದು ವರ್ಷ ಮುಂಚೆ ಗಿಂಪ್ 2.8 ಬಂತು. ಚಿತ್ರ ತಿದ್ದುವ ಪುಕ್ಕಟೆ ಸಾಫ್ಟ್‌ವೇರು ಅದು. ಮೆನುವಿನಲ್ಲಿ ಒಂದು ಟಿಕ್ ಹಾಕಿದರೆ ಎಲ್ಲ ಒಂದೇ ವಿಂಡೋ, ತೆಗೆದರೆ ಬಿಡಿಬಿಡಿ. ನಿಮ್ಮಿಷ್ಟ! ದುಡ್ಡು ಕೊಟ್ಟು ಕೊಂಡದ್ದರಲ್ಲಿ ಆ ಒಂದು ಟಿಕ್ ಹುಡುಕಿ ಹುಡುಕಿ ಸಾಕಾಯಿತು, ಎಲ್ಲೂ ಇಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಫೋನಿನಲ್ಲಿ, "ಮಾವ, ಟ್ಯಾಬ್ ಹಿಡಿದು ಹೊರಗೆ ಎಳೀರಿ, ಬೇರೆ ವಿಂಡೋ ಆಗುತ್ತೆ" ಅಂದ. ಗೊತ್ತಪ್ಪ. ಪ್ರತಿ ಫೈಲ್ ತೆರೆದಾಗಲೂ ಎಳೆಯುತ್ತಾ ಕೂರಲಾ? ಸ್ವಲ್ಪ ಕೈ ಜಾರಿದರೆ ಮತ್ತೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ, ತವರು ಬಿಟ್ಟು ಬರಲೊಲ್ಲದ ಮದುಮಗಳ ಹಾಗೆ. "ಜಾಸ್ತಿ ಜನಕ್ಕೆ ಇದೇ ಇಷ್ಟ" ಅಂತಲೂ ಅಂದ. ಇರಲಿ, ಅವರು ಇಟ್ಟುಕೊಳ್ಳಲಿ, ನನಗ್ಯಾಕೆ ಕಟ್ಟಬೇಕು?

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇದನ್ನು ಬರೆಯುತ್ತಿರುವ ಬ್ರೌಸರಿನಲ್ಲಿ 63 ಟ್ಯಾಬ್ ಇವೆ. ಮೂರರಲ್ಲಿ ಒಂದೇ ರೈಲಿನ ಟೈಮಿಂಗು. ಆ ರೈಲಿನಲ್ಲಿ ಹೋಗಿ ಬಂದು ತಿಂಗಳಾಯಿತು.

ಕೊನೆಗೆ ಹಳೇ ಪ್ರೂಫನ್ನು ಮೂಲೆ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಎಡಕ್ಕೆ ಹಾಳೆ, ಎದುರಿಗೆ ಸ್ಕ್ರೀನು. ಫ್ಯಾನ್ ಗಾಳಿಗೆ ಹಾರದಂತೆ ಹಾಳೆ ಮೇಲೆ ಮೊಬೈಲ್ ಇಡುತ್ತೇನೆ, ಹಾಗಾಗಿ ಕಾಮೆಂಟ್ ನೋಡುವುದು ಸಂಜೆಗೇ.