ಡ್ಯಾಮಿನ ನೀರಲ್ಲಿ ಫ್ಯಾನು ನೆಡೋಣ ಬನ್ನಿ

ಕೊಪ್ಪಳಕ್ಕೆ ಸಮುದ್ರ ಇಲ್ಲ ಎಂಬ ಕೊರಗು ಇನ್ನು ಬೇಡ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಕರೆಂಟು ಮಾಡುವ ಗಾಳಿ ಫ್ಯಾನು. ಉಳಿದಿರುವ ಖಾಲಿ ಜಾಗ ಅಂದರೆ ತುಂಗಭದ್ರಾ ಜಲಾಶಯ. ಅಲ್ಲೂ ನೆಟ್ಟುಬಿಡೋಣ ಅಂತ ಒಂದು ಪ್ರಸ್ತಾವ ಬಂತು ಅಂದುಕೊಳ್ಳಿ. ನಮ್ಮ ಸಭೆಗಳನ್ನು ಕಂಡವರಿಗೆ ಇದೇನು ಅಸಾಧ್ಯ ಅನ್ನಿಸಲಿಕ್ಕಿಲ್ಲ.

ಪ್ರಸ್ತಾವ ತಂದ ಸಾಹೇಬರ ಬಳಿ ಉದಾಹರಣೆ ರೆಡಿ ಇರುತ್ತದೆ. ನೆದರ್ಲೆಂಡ್ಸ್‌ನವರು 1932ರಲ್ಲಿ ಸಮುದ್ರಕ್ಕೇ ಒಡ್ಡು ಹಾಕಿ ಸಿಹಿನೀರಿನ ಕೆರೆ ಮಾಡಿಕೊಂಡರು. ಆ ಐಸೆಲ್‌ಮೇರ್‌ನಲ್ಲಿ ಈಗ ಒಂದೇ ಗಾಳಿ ವಿದ್ಯುತ್ ಘಟಕದ್ದೇ 89 ಫ್ಯಾನು. ಸ್ವೀಡನ್ನಿನ ವೆನರ್ನ್ ಸರೋವರದಲ್ಲಿ 10. ಅಮೆರಿಕದ ಈರಿ ಸರೋವರದಲ್ಲಿ ಬರೀ 6 ನೆಡಲು ಹೋಗಿ, ಹಕ್ಕಿ, ಕೋರ್ಟು, ಖರ್ಚು ಅಂತ ಅಲೆದು 2023ರ ಕೊನೆಗೆ ಕೈಬಿಟ್ಟರು. ಈ ಸ್ಲೈಡನ್ನು ಸಾಹೇಬರು ಸ್ವಲ್ಪ ಬೇಗ ದಾಟಿಸುತ್ತಾರೆ.

ತಳಪಾಯ ಹೇಗೆ ಅಂತ ಕೇಳಿದರೆ ಮುಖ ಅರಳುತ್ತದೆ. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. ಇಷ್ಟು ದಿನ ನಾವು ಅದನ್ನು ನಷ್ಟ ಅಂತಿದ್ವಿ, ಅಲ್ವಾ? ಸಾಹೇಬರ ಲೆಕ್ಕದಲ್ಲಿ ಅದು ನದಿ ಪುಕ್ಕಟೆ ಹಾಕಿಕೊಟ್ಟ ಬುನಾದಿ. ಹೂಳು ತೆಗೆಯೋಕೆ ದುಡ್ಡಿಲ್ಲ, ತೆಗೆದರೆ ಹಾಕೋಕೆ ಜಾಗವಿಲ್ಲ ಅನ್ನುವವರಿಗೆ ಅದೇ ಹೂಳಿನ ಮೇಲೆ ನೂರು ಮೀಟರ್ ಕಂಬ ನಿಲ್ಲಿಸುವುದು ಮಾತ್ರ ಸಲೀಸು.

2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ 19ನೇ ಗೇಟು ಕೊಚ್ಚಿಹೋಗಿದ್ದನ್ನು ಯಾರೂ ನೆನಪಿಸಬಾರದು. ಚೈನಿಗೆ ಗ್ರೀಸು ಹಚ್ಚಿದರೆ ಪೇಪರಿನಲ್ಲಿ ಫೋಟೊ ಬರುತ್ತದೆಯೇ?

ತಕರಾರು ತೆಗೆಯುವವನು ಕುರಿಗಾರ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು, ಬಿರುಕು ಬಿಟ್ಟ ಕೆಸರಿನ ನಡುವೆ ಹುಲ್ಲು ಚಿಗುರುತ್ತದಲ್ಲ, ಅವನ ಮಂದೆ ಅಲ್ಲೇ.

"ಸಾಹೇಬ್ರ, ನೀರಾಗಿನ ಫ್ಯಾನು ಅಂತೀರಿ. ಏಪ್ರಿಲ್‌ದಾಗ ನಾ ಚಪ್ಪಲಿ ಹಾಕ್ಕೊಂಡು ನಡ್ಕೊಂತ ಹೋಗಿ ಅದರ ನೆರಳಿಗೆ ಕುಂದರ್ತೀನ್ರಿ. ಆವಾಗ ಏನಂತೀರಿ?"

ಸಾಹೇಬರು ತಡವರಿಸುವುದಿಲ್ಲ. ಆರು ತಿಂಗಳು ಆಫ್‌ಶೋರ್, ಅಂದರೆ ನೀರಿನ ಫ್ಯಾನು; ಆರು ತಿಂಗಳು ಆನ್‌ಶೋರ್, ಅಂದರೆ ನೆಲದ ಫ್ಯಾನು. ಒಂದೇ ಕಂಬಕ್ಕೆ ಎರಡು ಸಬ್ಸಿಡಿ.

"ಅಲ್ರೀ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಹಗಲೊತ್ತು ಕೊಡ್ತೀರೇನ್ರಿ?"

ಅದು ಬೇರೆ ಇಲಾಖೆ. ಅವರೆಲ್ಲ ನೆದರ್ಲೆಂಡ್ಸ್‌ಗೆ ಹೊರಟ ತಂಡದಲ್ಲಿದ್ದಾರೆ, ಬಂದ ಮೇಲೆ ಕೇಳಬೇಕಂತೆ.